ಹಸು ಕೊನೆಗೆ: ಜಮೈಕಾದಲ್ಲಿ ಸಣ್ಣ ಹೈನುಗಾರಿಕೆ

ಮಾತು ಶುರುವಾಗುವ ಮೊದಲೇ ನನ್ನ ಕೈಗೆ ಒಂದು ಚೀಟಿ ಬಂದಿದೆ. "ಕೆರಿಬಿಯನ್ ದ್ವೀಪಗಳಲ್ಲಿ ಐದು ಹಸು ಕಟ್ಟಿ ಹೈನು ಮಾಡಿದರೆ ಗಿಟ್ಟುತ್ತಾ? ಯಾವ ತಳಿ ತಗೋಬೇಕು?" ಅಂತ ಕೇಳಿದ್ದಾರೆ. ಗಿಟ್ಟುತ್ತಾ ಅನ್ನೋದಕ್ಕೆ ಇವತ್ತಿನ ಹೊತ್ತೆಲ್ಲ ಬೇಕು. ತಳಿಯ ಪ್ರಶ್ನೆಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಅದನ್ನು ಕೊನೆಗೆ ಯೋಚನೆ ಮಾಡಿ. ಹೊಸಬರು ಹೆಚ್ಚಿನವರು ಉಲ್ಟಾ ಹೋಗುತ್ತಾರೆ. ಮೊದಲು ಹಸು, ಆಮೇಲೆ ಕೊಟ್ಟಿಗೆ, ಆಮೇಲೆ ಮೇವು. ಎಲ್ಲ ಆದಮೇಲೆ ಕ್ಯಾನ್ ಹಿಡಿದುಕೊಂಡು ಹಾಲು ಯಾರಿಗೆ ಹಾಕೋದು ಅಂತ ಹುಡುಕುತ್ತಾರೆ. ನಾನು ಇವತ್ತು ಅದನ್ನೇ ತಿರುಗಿಸಿ ಹೇಳುತ್ತೇನೆ. ಮೊದಲು ಹಾಲು ಕೊಳ್ಳುವವರು, ಆಮೇಲೆ ಮೇವು ನೀರು ಜಮೀನು, ಕೊನೆಗೆ ಹಸು.

ಕೆರಿಬಿಯನ್ ಅಂದರೆ ಒಂದು ದೇಶ ಅಲ್ಲ. ಟ್ರಿನಿಡಾಡ್‌ನ ಲೆಕ್ಕ ಬೇರೆ, ಬಾರ್ಬಡೋಸ್‌ನದು ಬೇರೆ. ನಮ್ಮ ಮಣಿಪಾಲದವರ ಮೆಡಿಕಲ್ ಕಾಲೇಜು ಇರುವ ಆಂಟಿಗುವಾ ಇದೆಯಲ್ಲ, ಅಲ್ಲಿ ಮಳೆಯೇ ಕಡಿಮೆ. ಹಾಗಾಗಿ ಎಲ್ಲ ದ್ವೀಪಗಳನ್ನೂ ಒಂದೇ ಮಾತಿನಲ್ಲಿ ಮುಗಿಸೋಕೆ ಹೋಗುವುದಿಲ್ಲ. ನಾನು ಪಶುವೈದ್ಯ. ಅಲ್ಲಿ ಕೊಟ್ಟಿಗೆ ಕೊಟ್ಟಿಗೆ ಸುತ್ತಿದ್ದು ಜಮೈಕಾದಲ್ಲೇ ಜಾಸ್ತಿ. ಅದರ ಬಗ್ಗೆಯೇ ಹೇಳುತ್ತೇನೆ.

ಜಮೈಕಾ ಎಷ್ಟು ದೊಡ್ಡದು ಅಂತ ಒಂದು ಅಂದಾಜು ಇರಲಿ. ನಮ್ಮ ತುಮಕೂರು ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಸುಮಾರು 11,000 ಚದರ ಕಿಲೋಮೀಟರ್. ಜನಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ, 28 ಲಕ್ಷದ ಆಸುಪಾಸು. ಈಗ ಹಾಲು ನೋಡಿ. ತುಮಕೂರು ಹಾಲು ಒಕ್ಕೂಟಕ್ಕೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಬಂದು ಬೀಳುತ್ತದೆ. ಜಮೈಕಾದ ಉತ್ಪಾದನೆ 2010ರ ನಂತರದ ವರ್ಷಗಳಲ್ಲಿ ವರ್ಷಕ್ಕೆ ಒಂದು ಕಾಲು ಕೋಟಿ ಲೀಟರ್‌ನ ಆಸುಪಾಸಿಗೆ ಬಂದು ನಿಂತಿತ್ತು. ದಿನಕ್ಕೆ ಭಾಗಿಸಿದರೆ ನಲವತ್ತು ಸಾವಿರ ಲೀಟರ್ ಕೂಡ ಆಗಲ್ಲ. ಹುಲ್ಲು ಬೆಳೆಯದ ನಾಡಲ್ಲ ಅದು. ಹಸು ಸಾಕಲು ಬಾರದ ಜನರೂ ಅಲ್ಲ. 1990ರ ದಶಕದ ಶುರುವಿನಲ್ಲಿ ಅದೇ ದ್ವೀಪ ವರ್ಷಕ್ಕೆ ಸುಮಾರು 3.8 ಕೋಟಿ ಲೀಟರ್ ಕರೆಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಯಾಕೆ ಇಳಿಯಿತು ಅಂತ ಗೊತ್ತಿಲ್ಲದೆ ಅಲ್ಲಿ ಒಂದು ಗೂಟ ಕೂಡ ಹೊಡೆಯಬೇಡಿ.

ಕಾರಣ ಹಾಲಿನ ಪುಡಿ. ಜಮೈಕಾ ಸಾಲದಲ್ಲಿ ಮುಳುಗಿತ್ತು. ವಿಶ್ವಬ್ಯಾಂಕ್ ಸಾಲ ಕೊಡುವಾಗ ಮಾರುಕಟ್ಟೆ ತೆರೆಯಿರಿ ಅಂದಿತು. 1992ರ ಹೊತ್ತಿಗೆ ಆಮದು ಪುಡಿಯ ಮೇಲಿನ ಸುಂಕ ಇಳಿಸಿದರು, ಊರಿನ ಹೈನುಗಾರರಿಗೆ ಸಿಗುತ್ತಿದ್ದ ಸಹಾಯಧನ ತೆಗೆದರು. ಆಗ ಯುರೋಪಿನಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಹಾಲಿನ ಪುಡಿ ರಫ್ತು ಮಾಡಿಸುತ್ತಿತ್ತು. ಆ ಪುಡಿ ಬಂದರಿಗೆ ಬಂದು ಇಳಿಯುವ ಬೆಲೆಗೆ ಊರಿನ ರೈತ ಕರೆಯೋಕೆ ಸಾಧ್ಯವೇ ಇರಲಿಲ್ಲ. ಹಾಲು ಸಂಸ್ಕರಿಸುವ ಕಾರ್ಖಾನೆಗಳು ಪುಡಿ ಕಲಸಿದರೆ ಅಗ್ಗ ಅಂತ ಆ ಕಡೆ ತಿರುಗಿದವು. ಕರೆದ ಹಾಲನ್ನು ನೆಲಕ್ಕೆ ಸುರಿದರು. ಗಬ್ಬದ ಹಸುಗಳನ್ನೂ ಕಸಾಯಿಗೆ ಕೊಟ್ಟರು. ಒಂದು ತಲೆಮಾರಿನ ಹೈನುಗಾರರು ಆ ಹೊಡೆತಕ್ಕೆ ಎದ್ದೇಳಲೇ ಇಲ್ಲ.

ಇಲ್ಲಿ ಸ್ವಲ್ಪ ಪಕ್ಕದ ದಾರಿಗೆ ಹೋಗುತ್ತೇನೆ, ಯಾಕಂದರೆ ಇದರಲ್ಲಿ ನಮ್ಮ ಕಥೆಯೂ ಇದೆ. ಕರ್ನಾಟಕದಲ್ಲಿ 1974ರಲ್ಲಿ ಹಳ್ಳಿ ಹಳ್ಳಿಗೆ ಹಾಲಿನ ಡೇರಿ ಕಟ್ಟುವ ಯೋಜನೆ ಶುರುವಾಯಿತಲ್ಲ, ಮುಂದೆ ಕೆಎಂಎಫ್ ಆಗಿ ಬೆಳೆದಿದ್ದು, ಅದಕ್ಕೆ ದುಡ್ಡು ಕೊಟ್ಟಿದ್ದು ಅದೇ ವಿಶ್ವಬ್ಯಾಂಕ್. ಇನ್ನೂ ಒಂದು ತಮಾಷೆ ಇದೆ. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್, ಅಂದರೆ ನಮ್ಮ ದೇಶದ ಕ್ಷೀರಕ್ರಾಂತಿ ಯೋಜನೆಗೆ ಬಂಡವಾಳ ಆಗಿದ್ದು ಯುರೋಪು ದಾನವಾಗಿ ಕೊಟ್ಟ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆ. ಪುಡಿ ಅದೇ ಖಂಡದ್ದು, ಬ್ಯಾಂಕೂ ಅದೇ. ನಮ್ಮಲ್ಲಿ ಅದು ಡೇರಿ ಕಟ್ಟಿತು, ಅಲ್ಲಿ ಡೇರಿ ಕೆಡವಿತು. ವ್ಯತ್ಯಾಸ ಇಷ್ಟೇ. ಇಲ್ಲಿ ಪುಡಿಯ ಚೀಲ ಹೈನುಗಾರರ ಪರವಾಗಿ ಕೂತಿದ್ದ ಸಂಸ್ಥೆಯ ಕೈಯಲ್ಲಿತ್ತು. ಅದನ್ನು ಹಾಲು ಮಾಡಿ ನಗರದಲ್ಲಿ ಊರಿನ ಹಾಲಿನ ಬೆಲೆಗೇ ಮಾರಿದರು, ಬಂದ ದುಡ್ಡನ್ನು ಸಹಕಾರ ಸಂಘಗಳಿಗೆ ಹಾಕಿದರು. ಅಲ್ಲಿ ಚೀಲ ವ್ಯಾಪಾರಿಯ ಕೈಯಲ್ಲಿತ್ತು. ಅವನು ವ್ಯಾಪಾರ ಮಾಡಿದ, ಅದರಲ್ಲಿ ಅವನದೇನು ತಪ್ಪು?

ಆಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತು ಡೇರಿ ಅಭಿವೃದ್ಧಿ ಮಂಡಳಿ ಮಾಡಿತು. ಕೆಲಸ ನಡೆಯುತ್ತಿದೆ. ಆದರೆ ನಮ್ಮೂರಿನಂತೆ ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ನಡೆದುಹೋಗಿ ಹಾಕಿ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ನೋಡಿಸಿ ಚೀಟಿ ತಗೊಂಡು ಬರುವ ಡೇರಿ ಅಲ್ಲಿಲ್ಲ. ನಮಗೆ ಅದು ಎಷ್ಟು ರೂಢಿ ಆಗಿದೆ ಅಂದರೆ, ಇಲ್ಲದ ಊರು ಹೇಗಿರುತ್ತೆ ಅಂತ ಊಹೆಗೂ ಬರುವುದಿಲ್ಲ. ದೊಡ್ಡ ಕಾರ್ಖಾನೆಯ ಟ್ಯಾಂಕರ್ ನಿಮ್ಮ ಇಪ್ಪತ್ತೈದು ಲೀಟರ್‌ಗಾಗಿ ಬೆಟ್ಟ ಹತ್ತಿ ಬರುತ್ತಾ? ಬರಲ್ಲ. ಬರಬೇಕು ಅಂದರೆ ನಿಮ್ಮಲ್ಲಿ ತಂಪು ಟ್ಯಾಂಕ್ ಇರಬೇಕು, ಅದು ತುಂಬುವಷ್ಟು ಹಾಲಿರಬೇಕು. ಅಂದರೆ ನೀವು ಸಣ್ಣವರಾಗಿರಬಾರದು.

ಹಾಗಾದರೆ ಸಣ್ಣವರು ಏನು ಮಾಡುತ್ತಾರೆ? ಒಬ್ಬರ ಉದಾಹರಣೆ ಹೇಳುತ್ತೇನೆ. ಮ್ಯಾಂಚೆಸ್ಟರ್ ಅನ್ನೋದು ಅಲ್ಲಿನ ಒಂದು ಪ್ಯಾರಿಷ್, ನಮ್ಮ ತಾಲ್ಲೂಕು ಜಿಲ್ಲೆ ಇದ್ದ ಹಾಗೆ. ಅದರ ಊರು ಮ್ಯಾಂಡೆವಿಲ್. ಎರಡು ಸಾವಿರ ಅಡಿ ಎತ್ತರದಲ್ಲಿದೆ, ರಾತ್ರಿ ತಣ್ಣಗಿರುತ್ತದೆ, ಹಸುಗೂ ಹಿತ. ಅಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಹಸು ಸಾಕಿದ್ದರು. ಊರೆಲ್ಲ ಅವರನ್ನು "ಟೀಚರ್" ಅಂತಲೇ ಕರೆಯುತ್ತಿತ್ತು. ಅವರು ಒಂದು ಲೀಟರ್ ಹಾಲನ್ನೂ ಹಾಲಾಗಿ ಮಾರುತ್ತಿರಲಿಲ್ಲ. ಎಲ್ಲ ಮೊಸರು. ನಮ್ಮ ಮೊಸರಲ್ಲ, ಗಟ್ಟಿಯಾಗಿ, ಸಿಹಿ ಹಾಕಿ, ಶುಂಠಿಯೋ ಹಣ್ಣೋ ಬೆರೆಸಿದ ಯೋಗರ್ಟ್. ಕೊಳ್ಳುವವರು ಯಾರು ಅಂದರೆ, ಇಂಗ್ಲೆಂಡಿನಲ್ಲಿ ಮೂವತ್ತು ನಲವತ್ತು ವರ್ಷ ಬಸ್ಸು ಓಡಿಸಿ, ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಪಿಂಚಣಿ ಸಮೇತ ಊರಿಗೆ ವಾಪಸ್ ಬಂದವರು. ಮ್ಯಾಂಡೆವಿಲ್ ಸುತ್ತ ಅಂಥವರು ಬಹಳ. ಅವರಿಗೆ ಯೋಗರ್ಟ್ ತಿಂದು ಅಭ್ಯಾಸ, ಕೊಡೋಕೆ ಕಾಸೂ ಇದೆ. ಭಾನುವಾರ ಚರ್ಚ್ ಮುಗಿದ ಮೇಲೆ ಡಬ್ಬಿ ಖಾಲಿ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಟೀಚರ್ ಗಿರಾಕಿ ಹುಡುಕಿದ್ದು ಹಸು ಕೊಳ್ಳುವ ಮೊದಲು. ಬೇರೆಯವರ ಹಾಲು ತಂದು ಆರು ತಿಂಗಳು ಮೊಸರು ಮಾಡಿ ಮಾರಿ ನೋಡಿದ್ದರು. ನಡೆಯುತ್ತೆ ಅಂತ ಗೊತ್ತಾದ ಮೇಲೆ ಹಸು ತಂದರು. ನೀವೂ ಹಾಗೆ ಮಾಡಬಹುದು, ಅದಕ್ಕೆ ಎಕರೆ ಬೇಡ, ಒಂದು ಅಡುಗೆಮನೆ ಸಾಕು. ಪಾಶ್ಚೀಕರಿಸಬೇಕು, ಆರೋಗ್ಯ ಇಲಾಖೆಯ ಪರವಾನಗಿ ಬೇಕು, ಅದರಲ್ಲಿ ಕಳ್ಳದಾರಿ ಬೇಡ.

ಅಲ್ಲಿನ ಬಾಯಿರುಚಿಯೂ ಗೊತ್ತಿರಬೇಕು. ಜಮೈಕಾದವರಿಗೆ ಹಾಲು ಅಂದರೆ ಬಹಳ ಕಡೆ ಡಬ್ಬಿಯ ಸಿಹಿ ಕಂಡೆನ್ಸ್ಡ್ ಹಾಲು. ಬೆಳಗಿನ ಮೆಕ್ಕೆಜೋಳದ ಗಂಜಿಗೆ ಅದೇ, ಚಹಕ್ಕೆ ಅದೇ, ಕ್ಯಾರೆಟ್ ರಸಕ್ಕೂ ಅದೇ. ತಾಜಾ ಹಾಲು ಕುಡಿದರೆ ಹೊಟ್ಟೆ ಕೆಡುವವರು ಬಹಳ ಮಂದಿ, ಹಾಲಿನ ಸಕ್ಕರೆ ಜೀರ್ಣ ಆಗಲ್ಲ. ಮೊಸರು ಅಂಥವರಿಗೂ ಒಗ್ಗುತ್ತದೆ. ರಸ್ತಾಫಾರಿ ಅನ್ನೋದು ಅಲ್ಲಿನ ಒಂದು ಧರ್ಮಪಂಥ, ಅದರಲ್ಲಿ ಕಟ್ಟುನಿಟ್ಟಿನವರು ಹಾಲನ್ನೇ ಮುಟ್ಟುವುದಿಲ್ಲ. ಇನ್ನು ನೆಗ್ರಿಲ್, ಮಾಂಟೆಗೊ ಬೇ ಕಡೆಯ ದೊಡ್ಡ ಹೋಟೆಲುಗಳು. ಹೊಸಬರೆಲ್ಲ ಮೊದಲು ಕಣ್ಣು ಹಾಕುವುದು ಅಲ್ಲಿಗೇ. ವಾರ ವಾರವೂ ಅಷ್ಟೇ ಮಾಲು, ಅದೇ ಗುಣ, ದುಡ್ಡು ಮಾತ್ರ ತಿಂಗಳು ಎರಡು ತಿಂಗಳು ಬಿಟ್ಟು. ಐದು ಹಸುವಿನವರಿಗೆ ಅದು ಆಗೋ ಮಾತಲ್ಲ. ಸಣ್ಣ ಗೆಸ್ಟ್ ಹೌಸ್ ಆದರೆ ನೋಡಬಹುದು.

ಗಂಡುಗರುವಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಈಗ ಸೀಮೆ ಹಸುವಿನ ಗಂಡುಗರು ಅಂದರೆ ಲೆಕ್ಕದಲ್ಲಿ ಬರೀ ಖರ್ಚು. ಅಲ್ಲಿ ಹಾಗಲ್ಲ, ಅದು ಮಾಂಸಕ್ಕೆ ಹೋಗುತ್ತದೆ, ಒಳ್ಳೆ ದುಡ್ಡು. ಸಣ್ಣ ಹೈನುಗಾರ ವರ್ಷದ ಲೆಕ್ಕ ಹಾಕುವಾಗ ಕರುವಿನ ಆದಾಯ ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಬಹಳ ಜನ ಬೆಳಗ್ಗೆ ಒಂದು ಹೊತ್ತು ಕರೆದು, ಉಳಿದ ಹೊತ್ತು ಕರುವನ್ನು ತಾಯಿ ಜತೆ ಬಿಡುತ್ತಾರೆ. ಹಾಲು ಕಡಿಮೆ, ಕರು ದಪ್ಪ, ಕೆಚ್ಚಲು ಬಾವು ಕಡಿಮೆ, ಸಂಜೆ ನಿಮಗೆ ಬಿಡುವು. ಇದು ಇಷ್ಟವಿಲ್ಲದವರು ಈ ಸಭೆಯಲ್ಲಿ ಇರಬಹುದು. ಮಾಂಸದ ವಿಷಯ ಮನಸ್ಸಿಗೆ ಒಗ್ಗದಿದ್ದರೆ ಆ ನಾಡಿನಲ್ಲಿ ಹೈನು ಮಾಡುವುದು ಕಷ್ಟ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಲ್ಲಿ ಒಂದು ಗಾದೆ ಇದೆ, ಬಾಲ ಹೋದ ಮೇಲೇ ಹಸುವಿಗೆ ಬಾಲದ ಬೆಲೆ ಗೊತ್ತಾಗೋದು ಅಂತ. ಈಗ ಕಸಾಯಿ ಅಂಗಡಿಯಲ್ಲಿ ಆ ಬಾಲವೇ ತುಂಬಾ ದುಬಾರಿ ಮಾಲು. ಬೆಲೆ ಎಲ್ಲರಿಗೂ ಗೊತ್ತು, ಹಸುವೊಂದನ್ನು ಬಿಟ್ಟು.

ಈಗ ಮೇವು. ಜಮೈಕಾ ಅಂದರೆ ಹಸಿರು, ಹುಲ್ಲಿಗೇನು ಬರ ಅಂತ ಅನಿಸುತ್ತೆ ಅಲ್ವಾ? ಮೇ ಜೂನ್‌ನಲ್ಲಿ ಒಂದು ಮಳೆ, ಸೆಪ್ಟೆಂಬರಿನಿಂದ ನವೆಂಬರಿನ ತನಕ ಇನ್ನೊಂದು ಮಳೆ. ಆಗ ಹುಲ್ಲು ಆಳೆತ್ತರ. ಡಿಸೆಂಬರ್ ಬಂತು ಅಂದರೆ ಬಾಗಿಲು ಹಾಕಿದ ಹಾಗೆ. ಏಪ್ರಿಲ್ ತನಕ ದಕ್ಷಿಣದ ಬಯಲು ಒಣಗಿ ಕೂರುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಹೋಗಿ ಜಮೀನು ನೋಡಿ ಅಂತ ನಾನು ಎಲ್ಲರಿಗೂ ಹೇಳೋದು ಅದಕ್ಕೇ. ಜೂನ್‌ನಲ್ಲಿ ನೋಡಿದರೆ ಎಲ್ಲ ಜಮೀನೂ ಚೆಂದ.

ಒಂದು ಲೆಕ್ಕ ಹಾಕೋಣ, ಬರೆದುಕೊಳ್ಳಿ. 400 ಕಿಲೋ ತೂಗುವ ಹಸುವಿಗೆ ದಿನಕ್ಕೆ 40 ಕಿಲೋ ಹಸಿ ಮೇವು ಹಿಡಿಯಿರಿ. ಐದು ಹಸುವಿಗೆ 200 ಕಿಲೋ. ಒಣ ಕಾಲ 120 ದಿನ ಅಂದುಕೊಂಡರೆ 24 ಟನ್. ಅದರಲ್ಲಿ ಅರ್ಧ ಹೇಗೋ ಹೊಲದಲ್ಲೇ ಸಿಕ್ಕಿತು ಅನ್ನೋಣ. ಉಳಿದ 12 ಟನ್ ನೀವು ಮಳೆಗಾಲದಲ್ಲೇ ಕೂಡಿಟ್ಟಿರಬೇಕು. ರಸಮೇವು, ಅಂದರೆ ಹಸಿ ಹುಲ್ಲನ್ನು ಗಾಳಿಯಾಡದಂತೆ ಒತ್ತಿ ತುಂಬಿ ಹುಳಿಸಿದ ಮೇವು ಮಾಡಿ ಇಡುವುದಾದರೆ, ಇನ್ನೂರು ಲೀಟರ್‌ನ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಳಿದು ತುಂಬಿದರೂ ಹಿಡಿಯುವುದು ಸುಮಾರು 120 ಕಿಲೋ. ಅಂದರೆ ನೂರು ಡ್ರಮ್! ಐದು ಹಸುವಿಗೆ ನೂರು ಡ್ರಮ್. ಅಷ್ಟು ಡ್ರಮ್ ಕೊಳ್ಳೋಕೆ ಆಗಲ್ಲ, ಗುಂಡಿ ತೋಡಿ ಪ್ಲಾಸ್ಟಿಕ್ ಹಾಸಿ ತುಂಬಬೇಕು. ಹುಲ್ಲು ಕತ್ತರಿಸುವ ಯಂತ್ರ ಬೇಕು, ಎರಡು ಮೂರು ದಿನ ಆಳು ಬೇಕು, ಆ ದಿನಗಳಲ್ಲೇ ಮಳೆ ಬರಬಾರದು. ಈ ಕೆಲಸ ಮಾಡಲು ಮನಸ್ಸಿಲ್ಲದವರು ಹಸುವಿನ ಸಂಖ್ಯೆ ಇಳಿಸಲಿ. ಬೇರೆ ದಾರಿ ಇಲ್ಲ. ಹಿಂಡಿ ಹಾಕಿ ತೂಗಿಸ್ತೀನಿ ಅಂದರೆ, ಅಲ್ಲಿನ ಪಶು ಆಹಾರದ ಮೆಕ್ಕೆಜೋಳ, ಸೋಯಾ ಎಲ್ಲ ಅಮೆರಿಕದಿಂದ ಹಡಗಿನಲ್ಲಿ ಬರುವಂಥದ್ದು. ಡಾಲರ್ ಏರಿದ ದಿನ ನಿಮ್ಮ ಹಾಲಿನ ಖರ್ಚೂ ಏರಿತು.

ಅಲ್ಲಿನ ಮುಖ್ಯ ಹುಲ್ಲು ಗಿನಿ ಹುಲ್ಲು. ನಮ್ಮಲ್ಲೂ ತೋಟದ ಬದುಗಳಲ್ಲಿ ಹಾಕುತ್ತೀರಿ. ಆಫ್ರಿಕಾದ್ದು. ಹದಿನೆಂಟನೇ ಶತಮಾನದಲ್ಲಿ ಯಾರಿಗೋ ಉಡುಗೊರೆ ಬಂದ ಹಕ್ಕಿಗಳ ಜತೆ ಕಾಳಾಗಿ ಬಂದು, ಎಸೆದ ಕಡೆ ಮೊಳೆಯಿತು ಅಂತ ಕಥೆ ಹೇಳುತ್ತಾರೆ. ಈ ಹುಲ್ಲಿನಲ್ಲಿ ಒಂದು ತೊಡಕಿದೆ, ಪುಸ್ತಕ ಓದಿ ಹೋದವರಿಗೆ ಗೊತ್ತಿರಲ್ಲ. ಸೇಂಟ್ ಎಲಿಜಬೆತ್ ಪ್ಯಾರಿಷ್‌ನ ದಕ್ಷಿಣ ಭಾಗ ಒಣ ಸೀಮೆ. ಅಲ್ಲಿನ ತರಕಾರಿ ರೈತರು ಒಣಗಿದ ಗಿನಿ ಹುಲ್ಲನ್ನು ಕೊಂಡು ಕಲ್ಲಂಗಡಿ, ಈರುಳ್ಳಿ, ಟೊಮೇಟೊ ಹೊಲಕ್ಕೆ ಹೊದಿಕೆ ಹಾಕುತ್ತಾರೆ. ನೆಲದ ತೇವ ಆರದಿರಲಿ ಅಂತ. ಅಂದರೆ ಹುಲ್ಲಿಗೆ ನಿಮ್ಮ ಹಸು ಒಂದೇ ಗಿರಾಕಿ ಅಲ್ಲ. ಪಕ್ಕದ ಜಮೀನಿನಿಂದ ಹುಲ್ಲು ಕೊಯ್ದು ತರ್ತೀನಿ ಅಂತ ಲೆಕ್ಕ ಹಾಕಿದ್ದರೆ, ಆ ಪಕ್ಕದ ಜಮೀನಿನವನು ಅದನ್ನು ಆಗಲೇ ಮಾರಿರುತ್ತಾನೆ.

ಮರಗಳನ್ನು ಮರೆಯಬೇಡಿ. ನಮ್ಮ ಊರುಗಳ ರಸ್ತೆ ಬದಿಯಲ್ಲಿ ಕೊಡೆಯಂತೆ ಹರಡಿದ ಮಳೆಮರ ಇದೆಯಲ್ಲ, ಅದು ಮೂಲದಲ್ಲಿ ಅಮೆರಿಕ ಖಂಡದ್ದು. ಜಮೈಕಾದಲ್ಲಿ ಗ್ವಾಂಗೊ ಅಂತಾರೆ. ಅದರ ಸಿಹಿ ಕಾಯಿ ಉದುರುವುದು ಸರಿಯಾಗಿ ಒಣ ಕಾಲದಲ್ಲೇ, ಹಸು ಮರದಡಿ ನಿಂತು ಹೆಕ್ಕಿ ತಿನ್ನುತ್ತವೆ. ಜಮೀನಿನಲ್ಲಿ ಎರಡು ಗ್ವಾಂಗೊ ಇದ್ದರೆ ನೆರಳೂ ಆಯಿತು, ಮೇವೂ ಆಯಿತು. ಬೇಲಿಗೆ ಗ್ಲಿರಿಸಿಡಿಯಾ ನೆಡಿ, ನಮ್ಮವರು ಗೊಬ್ಬರದ ಗಿಡ ಅಂತಾರಲ್ಲ ಅದೇ. ಕಡ್ಡಿ ಊರಿದರೆ ಸಾಕು ಚಿಗುರುತ್ತದೆ, ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ. ಮೊದಲು ಮೂಸಿ ಬಿಡುತ್ತವೆ. ಒಂದು ರಾತ್ರಿ ಬಾಡಿಸಿ ಕಾಕಂಬಿ ಚಿಮುಕಿಸಿದರೆ ತಿನ್ನುತ್ತವೆ. ಕಬ್ಬಿನ ಸೀಮೆ ಅದು, ಕಾಕಂಬಿ ಸಿಗುತ್ತದೆ. ಕಿಂಗ್‌ಸ್ಟನ್ ಹತ್ತಿರ ಇದ್ದರೆ ಬಿಯರ್ ಕಾರ್ಖಾನೆಯ ಬೂಸಾ ಕೂಡ.

ಜಮೀನಿನ ವಿಷಯ ಬೇಗ ಮುಗಿಸುತ್ತೇನೆ, ಆದರೆ ಕಿವಿಗೊಟ್ಟು ಕೇಳಿ. ಅಲ್ಲಿ ಫ್ಯಾಮಿಲಿ ಲ್ಯಾಂಡ್ ಅಂತ ಒಂದು ಪದ್ಧತಿ. 1838ರಲ್ಲಿ ಗುಲಾಮಗಿರಿ ಪೂರ್ತಿ ಮುಗಿದ ಮೇಲೆ ಬಿಡುಗಡೆ ಆದವರು ಕಷ್ಟಪಟ್ಟು ಕೊಂಡ ತುಂಡು ನೆಲ, ಅವರ ಸಂತಾನಕ್ಕೆಲ್ಲ ಸೇರಿದ್ದು. ಯಾರೂ ಮಾರುವಂತಿಲ್ಲ. ಲಂಡನ್‌ನಲ್ಲಿರುವ ಚಿಕ್ಕಮ್ಮನಿಗೂ ಅದರಲ್ಲಿ ಪಾಲು. ಅದರ ಹಿಂದಿನ ಮನಸ್ಸು ನನಗೆ ತುಂಬಾ ದೊಡ್ಡದು ಅನಿಸುತ್ತದೆ. ಬ್ಯಾಂಕಿನವನಿಗೆ ಹಾಗೆ ಅನಿಸಲ್ಲ, ಪತ್ರ ಎಲ್ಲಿ ಅಂತ ಕೇಳುತ್ತಾನೆ. ನಮ್ಮಲ್ಲಿ ಪೌತಿ ಖಾತೆ ಆಗದ ಜಮೀನಿನ ಪಾಡೇ ಅದು. ಅಂಥ ನೆಲದಲ್ಲಿ ಬಾಯಿಮಾತಿನ ಮೇಲೆ ಬೇಲಿ ಹಾಕಬೇಡಿ. ಇನ್ನೊಂದು ದಾರಿ ಬಾಕ್ಸೈಟ್ ಕಂಪನಿಗಳ ಜಮೀನು. ಗಣಿ ಮುಗಿದ ಮೇಲೆ ಮಣ್ಣು ಮುಚ್ಚಿ ಮತ್ತೆ ಸಾಗುವಳಿಗೆ ಆಗುವಂತೆ ಮಾಡಬೇಕು ಅಂತ 1947ರಿಂದಲೇ ಕಾನೂನು ಇದೆ, ಆ ಕಂಪನಿಗಳೇ ಹಿಂದೆ ದೊಡ್ಡ ದನದ ಹಿಂಡುಗಳನ್ನು ಸಾಕಿದ್ದವು. ಗುತ್ತಿಗೆಗೆ ಸಿಕ್ಕರೆ ಹುಲ್ಲುಗಾವಲಿಗೆ ಒಳ್ಳೇದು. ನೀರು ಮಾತ್ರ ನೋಡಿ. ದ್ವೀಪದ ಬಹುಪಾಲು ಸುಣ್ಣಕಲ್ಲು. ಎಷ್ಟು ಮಳೆ ಬಂದರೂ ಕೆಳಗೆ ಇಳಿದುಹೋಗುತ್ತದೆ, ತೊರೆ ಕೂಡ ಕಾಣಿಸಲ್ಲ. ಸೆಕೆಯಲ್ಲಿ ಹಾಲು ಕೊಡುವ ಹಸು ದಿನಕ್ಕೆ ಅರವತ್ತು ಲೀಟರ್ ಕುಡಿಯುತ್ತದೆ. ಚಾವಣಿ ನೀರು ಹಿಡಿಯುವ ತೊಟ್ಟಿ ಕಟ್ಟದೆ ಮುಂದಿನ ಮಾತಿಲ್ಲ.

ಕಳ್ಳತನ. ಇದನ್ನು ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ರಾತ್ರಿ ಹುಲ್ಲುಗಾವಲಿಗೆ ನುಗ್ಗಿ, ಅಲ್ಲೇ ಹಸು ಕಡಿದು, ಮಾಂಸ ಗಾಡಿಗೆ ತುಂಬಿಕೊಂಡು ಹೋಗುತ್ತಾರೆ. ಬೆಳಗ್ಗೆ ತಲೆ, ಚರ್ಮ ಸಿಗುತ್ತದೆ. ಬೆಳೆ, ದನ ಕದಿಯುವುದಕ್ಕೆ ಅಲ್ಲಿ ಪ್ರೀಡಿಯಲ್ ಲಾರ್ಸೆನಿ ಅಂತ ಬೇರೆಯೇ ಹೆಸರು, ಅದು ದೊಡ್ಡ ಪಿಡುಗು. ಈಚೆಗೆ ದಂಡ ಏರಿಸಿದ್ದಾರೆ, ಮಾಲು ಸಾಗಿಸುವಾಗ ರೈತರ ರಸೀದಿ ಇರಬೇಕು ಅಂತ ನಿಯಮ ಇದೆ, ದನಕ್ಕೆ ಕಿವಿಯೋಲೆ ಹಾಕುತ್ತಾರೆ. ಎಲ್ಲ ಸರಿ, ಆದರೂ ರಾತ್ರಿ ಹಸು ಮನೆ ಹತ್ತಿರವೇ ಇರಬೇಕು. ಪಟ್ಟಣದಲ್ಲಿ ಮನೆ ಮಾಡಿಕೊಂಡು ವಾರಕ್ಕೊಮ್ಮೆ ಫಾರ್ಮ್‌ಗೆ ಹೋಗಿ ಬರುವ ಯೋಚನೆ ಇದ್ದವರು ಆ ದುಡ್ಡನ್ನು ಬ್ಯಾಂಕಿನಲ್ಲಿ ಇಡಿ.

ರೋಗಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. ಒಂದು ಉಣ್ಣೆ, ದನದ ಮೈಗೆ ಅಂಟಿ ರಕ್ತ ಹೀರುವ ಹುಳ. ಅಲ್ಲಿಯ ಮುಖ್ಯ ಉಣ್ಣೆ ನಮ್ಮ ಏಷ್ಯಾದಿಂದಲೇ ದನಗಳ ಜತೆ ಹೋಗಿದ್ದು. ಅದರಿಂದ ಬೆಬಿಸಿಯಾ, ಅನಾಪ್ಲಾಸ್ಮಾ ಜ್ವರ ಬರುತ್ತದೆ. ವಿದೇಶದಿಂದ ತಂದ ಎಳೆ ಸೀಮೆ ಹಸು ಎರಡೇ ವಾರದಲ್ಲಿ ಮಲಗಿಬಿಡಬಹುದು. ಇನ್ನೊಂದು ಸ್ಕ್ರೂವರ್ಮ್ ನೊಣ. ನಮ್ಮಲ್ಲೂ ಗಾಯಕ್ಕೆ ಹುಳ ಬೀಳುತ್ತದೆ. ಇದು ಜೀವಂತ ಮಾಂಸವನ್ನೇ ತಿನ್ನುತ್ತಾ ಒಳಗೆ ಇಳಿಯುವ ಹುಳ. ಹುಟ್ಟಿದ ಕರುವಿನ ಹೊಕ್ಕುಳೇ ಅದಕ್ಕೆ ಬಾಗಿಲು. ಅಮೆರಿಕದವರು ಬಂಜೆ ಗಂಡು ನೊಣ ಬಿಟ್ಟು ತಮ್ಮ ನಾಡಿನಿಂದ ಓಡಿಸಿದ್ದರು. ಜಮೈಕಾದಲ್ಲೂ 1990ರ ದಶಕದ ಕೊನೆಯಲ್ಲಿ ಅದೇ ಪ್ರಯತ್ನ ನಡೆಯಿತು, ಫಲ ಸಿಗಲಿಲ್ಲ. ಹಾಗಾಗಿ ಕರು ಹಾಕಿದ ದಿನವೇ ಹೊಕ್ಕುಳಿಗೆ ಔಷಧಿ, ಆಮೇಲೆ ದಿನಾ ಬಗ್ಗಿ ನೋಡುವುದು. ಕಿವಿಯೋಲೆ ಚುಚ್ಚಿದ ಗಾಯಕ್ಕೂ ಅಷ್ಟೇ.

ಇಷ್ಟೆಲ್ಲ ಆದಮೇಲೆ ಹಸುವಿಗೆ ಬಂದೆವು. ಖುಷಿಯ ಸಂಗತಿ ಅಂದರೆ ಜಮೈಕಾದಲ್ಲಿ ಬಗೆಹರಿದಿರುವ ಪ್ರಶ್ನೆ ಇದೊಂದೇ. ಬಗೆಹರಿಸಿದವರು ಥಾಮಸ್ ಲೆಕಿ ಅಂತ. 1904ರಲ್ಲಿ ಪೋರ್ಟ್‌ಲ್ಯಾಂಡ್ ಪ್ಯಾರಿಷ್‌ನ ಸ್ವಿಫ್ಟ್ ರಿವರ್ ಅನ್ನುವ ಬೆಟ್ಟದ ಊರಿನಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗ. ಬ್ರಿಟಿಷರ ಆಳ್ವಿಕೆಯಲ್ಲಿ ಅಂಥ ಹುಡುಗ ವಿಜ್ಞಾನಿ ಆಗುವುದು ಸುಲಭದ ಮಾತಲ್ಲ. ಕೆನಡಾದಲ್ಲಿ ಓದಿ ಬಂದರು, ಆಮೇಲೆ ಎಡಿನ್‌ಬರೋದಲ್ಲಿ ಪಿಎಚ್‌ಡಿ. ಆಗಿನ ಸರ್ಕಾರಿ ಫಾರ್ಮ್‌ಗಳಲ್ಲಿ ಯುರೋಪಿನ ದೊಡ್ಡ ದೊಡ್ಡ ಹಸುಗಳನ್ನು ತಂದು ಸೆಕೆಯಲ್ಲಿ ಏದುಸಿರು ಬಿಡಿಸುತ್ತಿದ್ದರು. ಲೆಕಿ ಕೇಳಿದ್ದು ಬೇರೆ ಪ್ರಶ್ನೆ. ಬೆಟ್ಟದ ಇಳಿಜಾರಿನಲ್ಲಿ ಒಂದೆರಡು ಎಕರೆ ಇರುವವನಿಗೆ ಎಂಥ ಹಸು ಬೇಕು? ಹಗುರ ಇರಬೇಕು, ಇಳಿಜಾರು ಹತ್ತಬೇಕು, ಹುಲ್ಲಿನ ಮೇಲೆ ಬದುಕಬೇಕು, ಉಣ್ಣೆಗೂ ಬಿಸಿಲಿಗೂ ಬಗ್ಗಬಾರದು. ಹೋಪ್ ಅನ್ನುವ ಫಾರ್ಮ್‌ನಲ್ಲಿದ್ದ ದನಗಳ ದಾಖಲೆ ಹಿಡಿದು ವರ್ಷಗಟ್ಟಲೆ ಕೂತರು. ಬಹುಪಾಲು ಜರ್ಸಿ, ಸ್ವಲ್ಪ ಹೋಲ್‌ಸ್ಟೀನ್, ಚಿಟಿಕೆಯಷ್ಟು ನಮ್ಮ ಪಂಜಾಬ್ ಸೀಮೆಯ ಸಾಹಿವಾಲ್. ನೂರಕ್ಕೆ ಎಂಬತ್ತು, ಹದಿನೈದು, ಐದು, ಈ ಲೆಕ್ಕದಲ್ಲಿ. 1952ರಲ್ಲಿ ಜಮೈಕಾ ಹೋಪ್ ಅಂತ ಹೊಸ ತಳಿಯಾಗಿ ಒಪ್ಪಿಗೆ ಸಿಕ್ಕಿತು.

ಆ ಐದರ ಪಾಲನ್ನು ಕಡಿಮೆ ಅಂದುಕೊಳ್ಳಬೇಡಿ. ಬಿಸಿಲು ತಡೆಯುವ ಗುಣ, ಉಣ್ಣೆ ತಡೆಯುವ ಗುಣ ಬಂದಿದ್ದು ಅಲ್ಲಿಂದ. ಹಾಲು ಎಷ್ಟು ಅಂದರೆ ಹುಲ್ಲಿನ ಮೇಲೆ ಒಂದು ಕರಾವಿಗೆ, ಅಂದರೆ ಕರು ಹಾಕಿದಾಗಿನಿಂದ ಹಾಲು ಬತ್ತುವ ತನಕ, ಸುಮಾರು 2,500 ಲೀಟರ್. ನೀವು ನಗಬಹುದು, ನಮ್ಮ ಕೋಲಾರದ ಎಚ್‌ಎಫ್ (ಅದೇ ಹೋಲ್‌ಸ್ಟೀನ್) ಅದರ ಎರಡರಷ್ಟು ಕೊಡುತ್ತೆ ಅಂತ. ಕೊಡುತ್ತೆ, ಎಷ್ಟು ಹಿಂಡಿ ತಿಂದು, ಎಷ್ಟು ಬಾರಿ ಡಾಕ್ಟರನ್ನು ಕರೆಸಿ ಅಂತಲೂ ಬರೆದಿಡಿ. ಲೆಕಿ ಹಾಲಿಗೆ ಒಂದು ತಳಿ ಮಾಡಿ ನಿಲ್ಲಿಸಲಿಲ್ಲ. ಮಾಂಸದ ತಳಿಗಳಾದ ಜಮೈಕಾ ರೆಡ್, ಜಮೈಕಾ ಬ್ಲ್ಯಾಕ್‌ಗಳ ಹಿಂದೆಯೂ ಅವರ ಕೆಲಸ ಇದೆ. 1994ರಲ್ಲಿ ತೀರಿಕೊಂಡರು.

ಅವರ ಕೆಲಸ ಮುಂದುವರಿದ ಸಂಶೋಧನಾ ಕೇಂದ್ರ ಬಾಡಲ್ಸ್, ಓಲ್ಡ್ ಹಾರ್ಬರ್ ಊರಿನ ಪಕ್ಕ. ಆ ಓಲ್ಡ್ ಹಾರ್ಬರ್ ಬೇಗೇ 1845ರ ಮೇ 10ರಂದು ಬ್ಲಂಡೆಲ್ ಅನ್ನೋ ಹಡಗು ಬಂದು ನಿಂತಿದ್ದು, ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ಮೊದಲ ಭಾರತೀಯರನ್ನು ಹೊತ್ತು. ಸಾಹಿವಾಲ್‌ನ ರಕ್ತ ಇರುವ ಹಸುಗಳು ಅದೇ ಬಯಲಿನಲ್ಲಿ ಮೇಯುತ್ತವೆ. ಎಮ್ಮೆಯ ಕಥೆ ಕೇಳಬೇಕು ಅಂದರೆ ಟ್ರಿನಿಡಾಡ್‌ಗೆ ಹೋಗಬೇಕು. ಕಬ್ಬಿನ ಗಾಡಿ ಎಳೆಯೋಕೆ ಭಾರತದಿಂದ ಮುರ್ರಾ, ಸುರ್ತಿ, ಜಾಫರಾಬಾದಿ ಎಮ್ಮೆಗಳು ಹೋದವು. ಟ್ರ್ಯಾಕ್ಟರ್ ಬಂದು ಅವು ಬೇಡವಾದಾಗ ಸ್ಟೀವ್ ಬೆನೆಟ್ ಅನ್ನೋ ಪಶುವೈದ್ಯರು ಅವನ್ನೇ ಬೆರೆಸಿ, ಆರಿಸಿ, ಮಾಂಸಕ್ಕೆ ಬಫಲಿಪ್ಸೊ ಅನ್ನುವ ತಳಿ ಮಾಡಿದರು. ಎಮ್ಮೆಗೂ ಕ್ಯಾಲಿಪ್ಸೊ ಹಾಡಿಗೂ ಗಂಟು ಹಾಕಿದ ಹೆಸರು. ಅದರ ಬಗ್ಗೆ ಇನ್ನೊಂದು ದಿನ.

ಜಮೈಕಾ ಹೋಪ್‌ನಲ್ಲಿ ಕಷ್ಟ ಏನು ಅಂದರೆ ಸಿಗುವುದು. 1990ರ ದಶಕದ ಆ ಹೊಡೆತದಲ್ಲಿ ಒಳ್ಳೊಳ್ಳೆ ಹಿಂಡುಗಳು ಕರಗಿದವು. ಸುಮ್ನೆ ಬಣ್ಣ ನೋಡಿ ಕೊಳ್ಳಬೇಡಿ, ಕಂದು ಬಣ್ಣದ್ದೆಲ್ಲ ಹೋಪ್ ಅಲ್ಲ. ಹಾಲಿನ ದಾಖಲೆ ಕೇಳಿ. ಗಬ್ಬದ ಪಡ್ಡೆ ಸಿಕ್ಕರೆ ಯಾವ ತಿಂಗಳಲ್ಲಿ ಕರು ಹಾಕುತ್ತೆ ಅಂತ ಲೆಕ್ಕ ಹಾಕಿ. ಮೇ ಮಳೆಗೆ ಹುಲ್ಲು ಏಳುವಾಗ ಕರು ಹಾಕಬೇಕು. ಅಂದರೆ ಹಿಂದಿನ ಆಗಸ್ಟ್‌ನಲ್ಲಿ ಗಬ್ಬ ಕಟ್ಟಿರಬೇಕು. ಜನವರಿಯಲ್ಲಿ ಕರು ಹಾಕುವ ಹಸುವನ್ನು ಅಗ್ಗಕ್ಕೆ ಕೊಡ್ತೀನಿ ಅಂದರೆ ಯಾಕೆ ಅಗ್ಗ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಕೊಟ್ಟಿಗೆ ಬಗ್ಗೆ ಯಾರೋ ಕೈ ಎತ್ತಿದಿರಿ. ದೊಡ್ಡ ಕೊಟ್ಟಿಗೆ ಕಟ್ಟಲೇಬೇಡಿ. ಬಿರುಗಾಳಿಯ ನಾಡು ಅದು. 1988ರಲ್ಲಿ ಗಿಲ್ಬರ್ಟ್ ಇಡೀ ದ್ವೀಪದ ಮೇಲೆ ಹಾದುಹೋಯಿತು. 2024ರ ಜುಲೈನಲ್ಲಿ ಬೆರಿಲ್ ದಕ್ಷಿಣದ ಅಂಚನ್ನು ಉಜ್ಜಿಕೊಂಡು ಹೋಯಿತು. 2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಪಶ್ಚಿಮದಲ್ಲಿ ನೆಲಕ್ಕೆ ಬಂದಿದ್ದು ಐದನೇ ದರ್ಜೆಯ ಬಿರುಗಾಳಿಯಾಗಿ, ಸೇಂಟ್ ಎಲಿಜಬೆತ್, ವೆಸ್ಟ್‌ಮೋರ್‌ಲ್ಯಾಂಡ್ ನುಚ್ಚುನೂರಾದವು. ಗಾಳಿ ಬರುವಾಗ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುವುದೇ ಅಪಾಯ. ತಗಡು ಹಾರಿ ಬಂದು ಕಡಿಯುತ್ತದೆ, ಗೋಡೆ ಮೇಲೆ ಬೀಳುತ್ತದೆ. ಮರ, ವಿದ್ಯುತ್ ತಂತಿ ಇಲ್ಲದ ಎತ್ತರದ ಬಯಲಿಗೆ ಬಿಟ್ಟುಬಿಡಬೇಕು, ಹಗ್ಗ ಬಿಚ್ಚಿ. ಅವಕ್ಕೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲೋದು ಗೊತ್ತು. ಕರೆಯುವ ಜಾಗಕ್ಕೆ ಒಂದು ಸಣ್ಣ ಚಪ್ಪರ, ಕೆಳಗೆ ಸಿಮೆಂಟು, ಅಷ್ಟು ಸಾಕು. ಬಿರುಗಾಳಿ ಆದಮೇಲೆ ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಕೈಯಲ್ಲಿ ಕರೆಯೋಕೆ ಬರಬೇಕು, ತಂಪು ಮಾಡೋಕೆ ಜನರೇಟರ್ ಇರಬೇಕು, ಇಲ್ಲದಿದ್ದರೆ ಕರುಗೆ ಬಿಡಿ.

ಕೊನೆಯ ಚೀಟಿ. ನಮ್ಮ ಹಳ್ಳಿಕಾರ್ ಅಥವಾ ಗೀರ್ ಹಸುವನ್ನು ಇಲ್ಲಿಂದ ಒಯ್ಯಬಹುದಾ ಅಂತ. ಆಗಲ್ಲ. ಕಾಲುಬಾಯಿ ರೋಗ ಆ ದ್ವೀಪದಲ್ಲಿ ಇಲ್ಲ, ನಮ್ಮಲ್ಲಿ ಇದೆ. ಜೀವಂತ ದನದ ಮಾತೇ ಬೇಡ. ಗೀರ್ ರಕ್ತ ಬೇಕೇ ಬೇಕು ಅನ್ನುವವರಿಗೆ ಬ್ರೆಜಿಲ್‌ನಲ್ಲಿ ಗೀರ್‌ಗೂ ಹೋಲ್‌ಸ್ಟೀನ್‌ಗೂ ಬೆರೆಸಿದ ಗಿರೋಲಾಂಡೊ ಇದೆ. ಅದನ್ನು ತರಿಸಬೇಕಾದರೂ ಅಲ್ಲಿನ ಪಶುವೈದ್ಯ ಇಲಾಖೆಯ ಪರವಾನಗಿ ಮೊದಲು. ನೀವೇ ನೋಡಿಕೊಂಡು ಬರೋಕೆ ಹೋಗುವುದಾದರೆ ಕೊಟ್ಟಿಗೆಯಲ್ಲಿ ಹಾಕಿದ ಬೂಟು, ಚಪ್ಪಲಿ ಇಲ್ಲೇ ಬಿಟ್ಟು ಹೋಗಿ. ವಿಮಾನ ನಿಲ್ದಾಣದಲ್ಲಿ ಈಚೆಗೆ ದನದ ಹತ್ತಿರ ಇದ್ರಾ ಅಂತ ಕೇಳುತ್ತಾರೆ, ಹೌದು ಅಂತಲೇ ಬರೆಯಿರಿ.